ಕೆಂಪು ದೀಪ ಹತ್ತಿದ ಮೇಲೆ ಕ್ಯಾಮೆರಾ ಎಲ್ಲಿರಬೇಕು

ಸಿನಿಮಾದ ಹಿನ್ನೆಲೆ ಸಂಗೀತವನ್ನು ದೊಡ್ಡ ಆರ್ಕೆಸ್ಟ್ರಾ ನುಡಿಸುವಾಗ ಅದರ ಮೇಕಿಂಗ್ ವಿಡಿಯೋ ತೆಗೆಯುವುದು ನನ್ನ ಕೆಲಸ. ಈ ಸಲ ಒಂದು ಕನ್ನಡ ಸಿನಿಮಾದ ತಂಡದ ಜೊತೆ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಹೋಗಿದ್ದೆ. ಸಿನಿಮಾ ಇನ್ನೂ ಬಿಡುಗಡೆ ಆಗಿಲ್ಲ. ಸಹಿ ಹಾಕಿಕೊಟ್ಟ ಕಾಗದವೂ ಇದೆ. ಹಾಗಾಗಿ ಸಿನಿಮಾ, ಸಂಗೀತ ನಿರ್ದೇಶಕರು, ಸ್ಟುಡಿಯೋ ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಆದರೆ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಬರೆಯಬೇಕು ಅನ್ನಿಸಿತು. ಇಂಥ ವಿಡಿಯೋ ನೋಡುವವರು ಈಗ ಜಾಸ್ತಿ, ತೆಗೆಯಬೇಕು ಅಂತ ಆಸೆ ಇರುವ ಹುಡುಗ ಹುಡುಗಿಯರೂ ಜಾಸ್ತಿ.

ಬುಡಾಪೆಸ್ಟ್ ಯಾಕೆ ಅಂತ ಮನೆಯವರಿಂದ ಹಿಡಿದು ಎಲ್ಲರೂ ಕೇಳುತ್ತಾರೆ. ಅಲ್ಲಿ 1875ರಲ್ಲಿ ಶುರುವಾದ, ಸಂಗೀತಕಾರ ಫ್ರಾಂಜ್ ಲಿಸ್ಟ್ ಹೆಸರಿನ ಸಂಗೀತ ಅಕಾಡೆಮಿ ಇದೆ. ಹಂಗೇರಿಯ ಹೆಸರಾಂತ ಸಂಗೀತಕಾರರಾದ ಬಾರ್ಟೋಕ್, ಕೊಡಾಯ್ ಇಬ್ಬರೂ ಪಾಠ ಹೇಳಿದ ಜಾಗ. ಊರಲ್ಲಿ ಒಪೆರಾ ಇದೆ, ಹಲವು ಸಿಂಫನಿ ಆರ್ಕೆಸ್ಟ್ರಾಗಳಿವೆ. ನೋಟೇಶನ್ ಮುಂದಿಟ್ಟರೆ ಮೊದಲ ಸಲಕ್ಕೇ ನುಡಿಸಬಲ್ಲ ಪಿಟೀಲುಗಾರರಿಗೆ ಅಲ್ಲಿ ಬರವಿಲ್ಲ. ಇನ್ನೊಂದು ಕಾರಣ ದುಡ್ಡು. ಲಾಸ್ ಏಂಜಲೀಸ್‌ನಲ್ಲಿ ಯೂನಿಯನ್ ಒಪ್ಪಂದದ ಪ್ರಕಾರ ಸಿನಿಮಾ ಆಮೇಲೆ ಟಿವಿಗೆ, ಬೇರೆ ಕಡೆಗೆ ಹೋದಾಗಲೂ ವಾದಕರಿಗೆ ಪಾಲು ಹೋಗುತ್ತದೆ. ಬುಡಾಪೆಸ್ಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಲ ಹಣ ಕೊಟ್ಟರೆ ಮುಗಿಯಿತು. ನಮ್ಮ ಕಡೆಯವರಿಗೆ ಈ ದಾರಿ ಹೊಸದೇನಲ್ಲ. 2000ದಲ್ಲಿ ಬಂದ ‘ಹೇ ರಾಮ್’ ಸಿನಿಮಾಕ್ಕೆ ಇಳಯರಾಜಾ ಬುಡಾಪೆಸ್ಟ್‌ನ ಆರ್ಕೆಸ್ಟ್ರಾ ಬಳಸಿದ್ದರು. 2005ರ ಅವರ ‘ತಿರುವಾಸಗಂ’ ಆಲ್ಬಂಗೂ ಅದೇ ಊರಿನ ವಾದಕರು ನುಡಿಸಿದರು.

ಹೊರಡುವ ಮುಂಚಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಕ್ಯಾಮೆರಾ, ಲೆನ್ಸ್‌ಗಳ ಸೀರಿಯಲ್ ನಂಬರ್ ಪಟ್ಟಿ ಮಾಡಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮದೇ ಕ್ಯಾಮೆರಾಕ್ಕೆ ನಾವೇ ಲೆಕ್ಕ ಕೊಡುತ್ತಾ ನಿಲ್ಲಬೇಕಾಗುತ್ತದೆ. ಬ್ಯಾಟರಿಗಳೆಲ್ಲ ಕೈಚೀಲದಲ್ಲೇ ಇರಬೇಕು. ಅಷ್ಟೇ.

ಅನುಮತಿಯ ವಿಷಯ ಮಾತ್ರ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಸಿನಿಮಾ ತಂಡ ‘ಶೂಟ್ ಮಾಡಿ’ ಅಂದ ಮಾತ್ರಕ್ಕೆ ಆಗಲಿಲ್ಲ. ಅಲ್ಲಿ ಕೂತು ನುಡಿಸುವವರ ಒಪ್ಪಿಗೆ ಬೇಕು. ಲಂಡನ್, ಲಾಸ್ ಏಂಜಲೀಸ್‌ನಂಥ ಕಡೆ ರೆಕಾರ್ಡಿಂಗ್ ಸೆಷನ್ ಚಿತ್ರೀಕರಿಸಲು ವಾದಕರ ಯೂನಿಯನ್ನಿನ ನಿಯಮಗಳೇ ಇವೆ. ಬುಡಾಪೆಸ್ಟ್‌ನಲ್ಲಿ ಆರ್ಕೆಸ್ಟ್ರಾ ಒದಗಿಸುವ ಕಂಪನಿಯ ಜೊತೆ ಮೊದಲೇ ಬರೆದುಕೊಂಡೆವು: ಎಷ್ಟು ಹೊತ್ತಿನ ವಿಡಿಯೋ, ಎಲ್ಲಿ ಹಾಕುತ್ತೇವೆ, ಯಾರಿಗಾದರೂ ಮುಖ ತೋರಿಸಲು ಇಷ್ಟವಿಲ್ಲದಿದ್ದರೆ ಏನು ಮಾಡುತ್ತೇವೆ. ನಾನು ಇನ್ನೊಂದು ಸಾಲು ಸೇರಿಸಿದೆ. ಅವತ್ತು ನುಡಿಸಿದ ಎಲ್ಲರ ಹೆಸರಿನ ಪಟ್ಟಿ ನಮಗೆ ಕೊಡಬೇಕು, ಕೂತ ಕ್ರಮದಲ್ಲೇ. ಆಫೀಸಿನವರಿಗೆ ಆಶ್ಚರ್ಯವಾಯಿತು. ಯಾಕೆ ಕೇಳಿದೆ ಅಂತ ಮುಂದೆ ಹೇಳುತ್ತೇನೆ.

ಸೆಷನ್ನಿನ ಹಿಂದಿನ ದಿನ ಖಾಲಿ ಹಾಲ್ ನೋಡಲು ಬಿಟ್ಟರು. ಮರದ ನೆಲ, ಎತ್ತರದ ಛಾವಣಿ. ನಡುವೆ ಕಂಡಕ್ಟರ್, ಅಂದರೆ ಕೈಸನ್ನೆಯಿಂದ ಆರ್ಕೆಸ್ಟ್ರಾ ನಡೆಸುವವರು, ನಿಲ್ಲುವ ಪುಟ್ಟ ಕಟ್ಟೆ. ಅದರ ಮೇಲ್ಭಾಗಕ್ಕೆ ಒಂದು ದೊಡ್ಡ ಸ್ಟ್ಯಾಂಡು, ಅದರ ತುದಿಯಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಮೂರು ಮೈಕು. ಇದಕ್ಕೆ ಡೆಕ್ಕಾ ಟ್ರೀ ಅಂತ ಹೆಸರು. 1950ರ ದಶಕದಲ್ಲಿ ಬ್ರಿಟನ್ನಿನ ಡೆಕ್ಕಾ ಕಂಪನಿಯ ಎಂಜಿನಿಯರುಗಳು ರೂಪಿಸಿದ ಜೋಡಣೆ ಇದು. ಎಡ, ಬಲದ ಮೈಕುಗಳ ನಡುವೆ ಸುಮಾರು 2 ಮೀಟರ್ ದೂರ. ಮೂರನೆಯದು ಮುಂದೆ ಚಾಚಿಕೊಂಡಿರುತ್ತದೆ. ನೀವು ಥಿಯೇಟರಿನಲ್ಲಿ ಕೇಳುವ ‘ದೊಡ್ಡ’ ದನಿಯ ಬಹುಪಾಲು ಬರುವುದು ಈ ಮೂರು ಮೈಕಿನಿಂದ. ಹತ್ತಿರದ ಮೈಕುಗಳು ಬೇರೆ ಇರುತ್ತವೆ, ಆದರೆ ಅವು ಉಪ್ಪಿನಕಾಯಿಯ ಹಾಗೆ, ಬೇಕಾದಷ್ಟೇ.

ಈ ಮೂರು ಮೈಕು ಇಡೀ ಕೋಣೆಯನ್ನು ಕೇಳಿಸಿಕೊಳ್ಳುತ್ತವೆ. ಅಂದರೆ ನನ್ನನ್ನೂ ಕೇಳಿಸಿಕೊಳ್ಳುತ್ತವೆ. ಈ ಒಂದು ಮಾತು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕ್ಯಾಮೆರಾದೊಳಗಿನ ಸಣ್ಣ ಫ್ಯಾನ್ ಸದ್ದು ಮಾಡುತ್ತದೆ. ಫೋಕಸ್ ಮೋಟರ್ ಚಿರ್ ಅನ್ನುತ್ತದೆ. ನೈಲಾನ್ ಜಾಕೆಟ್ ಹಾಕಿಕೊಂಡು ಕೈ ಎತ್ತಿದರೆ ಸರಸರ ಅನ್ನುತ್ತದೆ. ವೆಲ್ಕ್ರೋ ಇರುವ ಚೀಲವಂತೂ ಹಾಲಿನೊಳಗೆ ತರಲೇಬಾರದು. ನಾನು ಹತ್ತಿ ಬಟ್ಟೆ ಹಾಕಿ, ಶೂ ಬಿಚ್ಚಿ, ದಪ್ಪ ಕಾಲುಚೀಲದಲ್ಲೇ ಓಡಾಡುತ್ತೇನೆ. ಫ್ಯಾನ್ ಇಲ್ಲದ ಕ್ಯಾಮೆರಾಗಳನ್ನೇ ಆರಿಸಿಕೊಂಡು ಹೋಗಿದ್ದೆ. ಫೋಕಸ್ ಎಲ್ಲ ಕೈಯಲ್ಲೇ. ಟ್ರೈಪಾಡಿನ ಕಾಲಿಗೆ ರಬ್ಬರ್ ಹಾಕಿ, ಮೈಕಿನ ಸ್ಟ್ಯಾಂಡಿಗೆ ಎಲ್ಲೂ ತಾಗದ ಹಾಗೆ ಇಟ್ಟೆ. ಮರದ ನೆಲ ಸಣ್ಣ ಅದುರನ್ನೂ ಆ ಕಡೆಗೆ ಸಾಗಿಸಿಬಿಡುತ್ತದೆ.

ಬೆಳಕಿನ ಲೆಕ್ಕ ನಮ್ಮ ದೇಶದ್ದೇ. ಅಲ್ಲೂ ಕರೆಂಟು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಹಾಲಿನ ದೀಪಗಳು ಮಿಣುಕುವುದಿಲ್ಲ. ಆದರೆ ನೋಟೇಶನ್ ಸ್ಟ್ಯಾಂಡಿನ ಪುಟ್ಟ ಎಲ್‌ಇಡಿ ದೀಪಗಳ ಲೆಕ್ಕವೇ ಬೇರೆ. ಕೆಲವು ಬ್ರ್ಯಾಂಡಿನವು ಯಾವ ಶಟರಿಗೂ ಜಗ್ಗುವುದಿಲ್ಲ, ಪಟ್ಟಿ ಪಟ್ಟಿ ಕಾಣುತ್ತವೆ. ಹಿಂದಿನ ದಿನವೇ ಒಂದೊಂದನ್ನೂ ಹಚ್ಚಿ ನೋಡಿದೆ. ಸ್ಟುಡಿಯೋದ ಸಹಾಯಕರೊಬ್ಬರು ಕಾಟ ಕೊಡುತ್ತಿದ್ದ ದೀಪಗಳನ್ನು ಬದಲಾಯಿಸಿ ಕೊಟ್ಟರು.

ಮೂರು ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿದೆ. ಒಂದು ಮೇಲಿನ ಬಾಲ್ಕನಿಯಿಂದ ಇಡೀ ಹಾಲ್ ನೋಡುತ್ತದೆ. ಒಂದು ಕೊಳಲು, ಕ್ಲಾರಿನೆಟ್‌ನವರ ಹಿಂದಿನಿಂದ ಕಂಡಕ್ಟರ್ ಮುಖ ನೋಡುತ್ತದೆ. ಮೂರನೆಯದು ಚೆಲ್ಲೋಗಳ ಪಕ್ಕದಿಂದ ಪಿಟೀಲುಗಳ ಕಡೆಗೆ. ಕೈಯಲ್ಲಿ ಹಿಡಿಯುವ ನಾಲ್ಕನೆಯ ಕ್ಯಾಮೆರಾ ನನ್ನದು. ಅದರ ನಿಯಮ ನಾನೇ ಹಾಕಿಕೊಂಡಿದ್ದೇನೆ. ರೆಕಾರ್ಡಿಂಗ್ ನಡೆಯುತ್ತಿದೆ ಅಂತ ಹೇಳುವ ಕೆಂಪು ದೀಪ ಹತ್ತಿದ ಮೇಲೆ ನಾನು ಹೆಜ್ಜೆ ಇಡುವುದಿಲ್ಲ. ಯಾವ ಜಾಗದಲ್ಲಿ ಇದ್ದೇನೋ ಅಲ್ಲೇ ಇರುತ್ತೇನೆ. ಕಂಡಕ್ಟರ್ ಮತ್ತು ವಾದಕರ ಕಣ್ಣಿನ ನಡುವೆ ಯಾವತ್ತೂ ಬರುವುದಿಲ್ಲ. ಶಾಟ್ ಎಷ್ಟೇ ಚೆನ್ನಾಗಿರಲಿ, ಒಬ್ಬ ವಾದಕಿಯ ಗಮನ ಅರ್ಧ ಕ್ಷಣ ನನ್ನ ಕಡೆ ಬಂದರೆ ಆ ಶಾಟ್ ನನಗೆ ಬೇಡ.

ಬೆಳಗ್ಗೆ ವಾದಕರು ಟ್ರಾಮ್ ಇಳಿದು, ಬೆನ್ನಿಗೆ ಪೆಟ್ಟಿಗೆ ನೇತುಹಾಕಿಕೊಂಡು, ಆಫೀಸಿಗೆ ಬರುವವರ ಹಾಗೆಯೇ ಬಂದರು. ಹತ್ತೇ ನಿಮಿಷದಲ್ಲಿ ಹಾಲ್ ತುಂಬಿತು. ಪ್ರತಿಯೊಬ್ಬರಿಗೂ ಹೆಡ್‌ಫೋನ್. ಅದರಲ್ಲಿ ಟಕ್ ಟಕ್ ಅಂತ ಕ್ಲಿಕ್ ಬರುತ್ತದೆ. ಸಿನಿಮಾದ ದೃಶ್ಯಕ್ಕೆ ಸಂಗೀತ ಸರಿಯಾಗಿ ಕೂರಬೇಕಾದರೆ ಆ ತಾಳ ಬಿಡುವಂತಿಲ್ಲ. ಹೆಚ್ಚಿನವರು ಒಂದು ಕಿವಿಗೆ ಮಾತ್ರ ಹಾಕಿಕೊಂಡಿದ್ದರು. ಇನ್ನೊಂದು ಕಿವಿ ಪಕ್ಕದವರಿಗೆ. ಕುರ್ಚಿಯ ಮೇಲೆ ಸುಮ್ನೆ ಬಿಟ್ಟ ಒಂದು ಹೆಡ್‌ಫೋನ್ ಸಾಕು, ಮೆಲುದನಿಯ ಜಾಗದಲ್ಲಿ ಆ ಟಕ್ ಟಕ್ ಮೈಕಿಗೆ ಸಿಕ್ಕಿಬಿಡುತ್ತದೆ. ಮೊದಲ ಟೇಕ್‌ಗೆ ಮುಂಚೆ ಎಂಜಿನಿಯರ್ ಇದನ್ನೇ ಕೇಳಿ ಪತ್ತೆ ಮಾಡಿದರು. ನಮ್ಮ ಕಿವಿಗೆ ಏನೂ ಕೇಳಿಸಿರಲಿಲ್ಲ.

ಸಿನಿಮಾದ ಪ್ರತಿ ಸಂಗೀತದ ತುಣುಕಿಗೂ ಒಂದು ನಂಬರ್ ಇರುತ್ತದೆ. 3ಎಂ2 ಅಂದರೆ ಮೂರನೆಯ ರೀಲಿನ ಎರಡನೆಯ ಸಂಗೀತ. ರೀಲು ಹೋಗಿ ಕಾಲವಾಯಿತು, ನಂಬರ್ ಮಾತ್ರ ಹಾಗೇ ಉಳಿದಿದೆ. ಕಂಡಕ್ಟರ್ ಆ ನಂಬರ್ ಹೇಳುತ್ತಾರೆ, ಹಾಳೆಗಳು ತಿರುಗುತ್ತವೆ. ಟೇಕ್ ನಂಬರನ್ನು ಎಂಜಿನಿಯರ್ ಹೇಳುತ್ತಾರೆ. ದೀಪ ಹತ್ತುತ್ತದೆ. ಎರಡು ಬಾರ್ (ತಾಳದ ಎರಡು ಸುತ್ತು) ಕ್ಲಿಕ್ ಅವರ ಕಿವಿಯಲ್ಲಿ. ನಮಗೆ ಬರೀ ಮೌನ. ಕಂಡಕ್ಟರ್ ಕೈ ಮಾತ್ರ ಆಡುತ್ತಿರುತ್ತದೆ. ಆಮೇಲೆ ಇಡೀ ಕೋಣೆ ಒಟ್ಟಿಗೆ ಉಸಿರೆಳೆದುಕೊಳ್ಳುತ್ತದೆ, ದನಿ ಬರುತ್ತದೆ. ಆ ಉಸಿರನ್ನು ನಾನು ಎಡಿಟಿಂಗ್‌ನಲ್ಲಿ ಯಾವತ್ತೂ ಕತ್ತರಿಸುವುದಿಲ್ಲ. ಕೊನೆಯ ಸ್ವರ ಆದಮೇಲೂ ಹಾಗೆಯೇ. ಕೋಣೆಯಲ್ಲಿ ದನಿ ಇನ್ನೂ ಇಳಿಯುತ್ತಿರುತ್ತದೆ. ಕಮಾನು ಎತ್ತಿದವರು ಎತ್ತಿದ ಹಾಗೇ ನಿಂತಿರುತ್ತಾರೆ. ಎಂಜಿನಿಯರ್ ಸರಿ ಅನ್ನುವವರೆಗೆ ಕಣ್ಣು ಕೂಡ ಆಡುವುದಿಲ್ಲ. ಕೆಲವು ವಿಡಿಯೋಗಳಲ್ಲಿ ಇದನ್ನು ಕತ್ತರಿಸಿ ಚಪ್ಪಾಳೆ ಸೇರಿಸುತ್ತಾರೆ. ಅಲ್ಲಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ದನಿ ಪೂರ್ತಿ ಇಳಿಯಲಿ ಅಂತ ಕಾಯುತ್ತಿರುತ್ತಾರೆ.

ಮಧ್ಯಾಹ್ನದ ಒಂದು ತುಣುಕನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸಂಗೀತ ನಿರ್ದೇಶಕರು ಒಂದು ದುಃಖದ ದೃಶ್ಯಕ್ಕೆ ಸಿಂಹೇಂದ್ರಮಧ್ಯಮ ರಾಗ ಹಿಡಿದಿದ್ದರು. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತಗಳಲ್ಲಿ 57ನೆಯದು. ವಿಶೇಷ ಅಂದರೆ ಇದೇ ಸ್ವರಗಳ ಸಾಲನ್ನು ಪಾಶ್ಚಾತ್ಯ ಸಂಗೀತದಲ್ಲಿ ಹಂಗೇರಿಯನ್ ಮೈನರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಬರೆದ ಹಾಳೆಯನ್ನು ಬುಡಾಪೆಸ್ಟ್‌ನ ವಾದಕರು ಮೊದಲ ಸಲ ನುಡಿಸಿದಾಗಲೇ ಅವರ ಮುಖ ಅರಳಿತು. ಸ್ವರಗಳು ಅವರಿಗೆ ಮನೆಯವು. ಮೊದಲ ಟೇಕ್‌ನಲ್ಲೇ ಶ್ರುತಿ ಸ್ವಲ್ಪವೂ ಅಲುಗಲಿಲ್ಲ.

ಆದರೆ ರಾಗ ಬಂದಿರಲಿಲ್ಲ. ಮಧ್ಯಮದಿಂದ ಪಂಚಮಕ್ಕೆ ಒಂದು ಜಾರು ಇತ್ತು. ಹಾಳೆಯಲ್ಲಿ ಅದಕ್ಕೆ ಒಂದು ಓರೆ ಗೆರೆ ಎಳೆದಿದ್ದರು. ಗೆರೆ ನೋಡಿದವರು ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಜಾರಿದರು. ಗೆರೆ ಹೇಳುವುದು ಅದನ್ನೇ ತಾನೆ. ಸಂಗೀತ ನಿರ್ದೇಶಕರು ಕಂಟ್ರೋಲ್ ರೂಮಿನಿಂದ ಎದ್ದು ಹಾಲಿಗೇ ಬಂದರು. ಕೆಂಪು ದೀಪ ಆರಿತ್ತು. ಅವರು ಮೊದಲ ಪಿಟೀಲಿನಾಕೆಯ ಸ್ಟ್ಯಾಂಡಿನ ಹತ್ತಿರ ಬಗ್ಗಿ ಮೆಲ್ಲಗೆ ಹಾಡಿದರು. ಮಧ್ಯಮದ ಮೇಲೆ ನಿಂತು, ನಿಂತು, ಕೊನೆಯ ಗಳಿಗೆಯಲ್ಲಿ ಮೇಲೇರುವುದು. ಆಕೆ ಒಂದು ಸಲ ನುಡಿಸಿದರು. ಇವರು ತಲೆಯಾಡಿಸಿ ಮತ್ತೆ ಹಾಡಿದರು. ಆಕೆ ಈ ಸಲ ಕಮಾನು ಮುಟ್ಟಲಿಲ್ಲ. ಎಡಗೈ ಬೆರಳನ್ನು ಮಾತ್ರ ತಂತಿಯ ಮೇಲೆ ಸರಿಸಿ ನೋಡಿಕೊಂಡರು. ಬೆರಳು ಕಾಯಿತು, ಕಾಯಿತು, ಸರ್ರನೆ ಹೋಯಿತು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಆ ಓರೆ ಗೆರೆಯ ಮೊದಲರ್ಧವನ್ನು ಅಳಿಸಿದರು. ಹಿಂದೆ ತಿರುಗಿ ಎರಡು ಮಾತು ಹೇಳಿ ನುಡಿಸಿ ತೋರಿಸಿದರು. ಹಿಂದಿನ ಸ್ಟ್ಯಾಂಡಿನವರು ತಮ್ಮ ಹಾಳೆಯಲ್ಲೂ ಅಳಿಸಿದರು, ಅವರ ಹಿಂದಿನವರು ನೋಡಿ ತಾವೂ ಅಳಿಸಿದರು. ಕೊನೆಯ ಸಾಲಿನವರೆಗೂ ಆ ಪೆನ್ಸಿಲ್ ಕೆಲಸ ಹೋಗುವುದನ್ನು ನಾನು ಒಂದೇ ಶಾಟ್‌ನಲ್ಲಿ ಹಿಡಿದೆ.

ಮುಂದಿನ ಟೇಕ್‌ನಲ್ಲಿ ಸಿಂಹೇಂದ್ರಮಧ್ಯಮ ಬಂತು. ಪೂರ್ತಿ ನಮ್ಮ ಪಿಟೀಲು ವಿದ್ವಾಂಸರ ಹಾಗೆ ಅಂತ ಹೇಳಲಾರೆ, ಅದು ವರ್ಷಗಳ ಸಾಧನೆಯ ಮಾತು. ಆದರೆ ಅಷ್ಟು ಜನ ಒಟ್ಟಿಗೆ ಕಾದು ಒಟ್ಟಿಗೆ ಏರಿದಾಗ ನನ್ನ ಕಣ್ಣು ಒದ್ದೆಯಾಯಿತು.

ಆ ಟೇಕ್‌ನ ಕೊನೆಯಲ್ಲಿ ಒಂದು ಕುರ್ಚಿ ಕಿರ್ ಅಂದಿತು. ಮತ್ತೆ ನುಡಿಸಿದರು. ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ.

ಮೇಕಿಂಗ್ ವಿಡಿಯೋದ ಜೀವ ಇರುವುದು ಟೇಕ್‌ಗಳ ನಡುವೆ. ದೀಪ ಆರಿರುವ ಹೊತ್ತಿನಲ್ಲೇ ಸಂಗೀತ ತಯಾರಾಗುವುದು ಕಣ್ಣಿಗೆ ಕಾಣುತ್ತದೆ. 1931ರ ನವೆಂಬರ್‌ನಲ್ಲಿ, ಇವತ್ತು ಅಬ್ಬೇ ರೋಡ್ ಅಂತ ಕರೆಯುವ ಲಂಡನ್ನಿನ ಸ್ಟುಡಿಯೋ ಉದ್ಘಾಟನೆಯಾದಾಗ ಇಂಗ್ಲಿಷ್ ಸಂಗೀತಕಾರ ಎಡ್ವರ್ಡ್ ಎಲ್ಗಾರ್ ಅಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸಿದರು. ಸುದ್ದಿಚಿತ್ರ ತೆಗೆಯುತ್ತಿದ್ದ ಪಾಥೆ ಕಂಪನಿಯವರು ಅದನ್ನು ಚಿತ್ರೀಕರಿಸಿದ್ದಾರೆ. ಆ ತುಣುಕು ಇವತ್ತಿಗೂ ಸಿಗುತ್ತದೆ. ಸಂಗೀತ ಶುರುವಾಗುವ ಮುಂಚೆ ಎಲ್ಗಾರ್ ವಾದಕರ ಜೊತೆ ಮಾತಾಡುತ್ತಾರೆ, ಈ ರಾಗವನ್ನು ಹಿಂದೆಂದೂ ಕೇಳೇ ಇಲ್ಲ ಅನ್ನುವ ಹಾಗೆ ನುಡಿಸಿ ಅಂತ. ಆ ಹಾಡು ಅವರೆಲ್ಲರಿಗೂ ಬಾಯಿಪಾಠ. ಕ್ಯಾಮೆರಾ ಆ ಮಾತಿಗಿಂತ ಮುಂಚೆಯೇ ಶುರುವಾಗಿತ್ತು ಅನ್ನುವುದು ನನಗೆ ದೊಡ್ಡ ವಿಷಯ. ನನ್ನ ಜೊತೆ ಕೆಲಸಕ್ಕೆ ಬರುವವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ.

ಕಂಟ್ರೋಲ್ ರೂಮಿನಲ್ಲಿ ಬೇರೆಯದೇ ನಡೆಯುತ್ತಿತ್ತು. ಒಬ್ಬರು ಎಲ್ಲ ವಾದ್ಯಗಳ ನೋಟೇಶನ್ ಒಟ್ಟಿಗಿರುವ ಪೂರ್ತಿ ಸ್ಕೋರ್ ಮುಂದಿಟ್ಟುಕೊಂಡು, ಯಾವ ಟೇಕ್‌ನ ಯಾವ ಬಾರ್ ಚೆನ್ನಾಗಿದೆ ಅಂತ ಗುರುತು ಹಾಕುತ್ತಿದ್ದರು. ಸಿನಿಮಾ ನಿರ್ದೇಶಕರು ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಕೇಳುತ್ತಿದ್ದರು. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಊಟದ ಬಿಡುವಾದಾಗ ಇಲ್ಲಿ ಸಂಜೆ. ಗೋಡೆಯ ದೊಡ್ಡ ಪರದೆಯ ಮೇಲೆ ಸಿನಿಮಾ ಓಡುತ್ತಿತ್ತು. ಅದು ನನ್ನ ಫ್ರೇಮಿನಲ್ಲಿ ಬರುವಂತಿಲ್ಲ. ಮೇಜಿನ ಮೇಲಿನ ಸ್ಕೋರ್‌ನ ಮೊದಲ ಪುಟವೂ ಬರುವಂತಿಲ್ಲ. ಇಂಥ ಕಡೆ ಕ್ಯಾಮೆರಾ ತಿರುಗಿಸುವ ಮುಂಚೆ ಹಿನ್ನೆಲೆ ನೋಡುವ ಅಭ್ಯಾಸ ಬೇಕೇ ಬೇಕು.

ಪ್ರಚಾರ ನೋಡಿಕೊಳ್ಳುವವರಿಂದ ಫೋನ್ ಬಂತು. ಉದ್ದುದ್ದ ನಿಲ್ಲಿಸಿದ ಮೊಬೈಲಿಗೆ ಸರಿಹೋಗುವ ಒಂದು ನಿಮಿಷದ ರೀಲ್ ಬೇಕು, ಅದರಲ್ಲಿ ನಿರ್ಮಾಪಕರು ಹೆಡ್‌ಫೋನ್ ಹಾಕಿಕೊಂಡು ತಲೆದೂಗುವ ಶಾಟ್ ಬೇಕು ಅಂದರು. ಅದನ್ನೂ ತೆಗೆದುಕೊಟ್ಟೆ, ಅವರ ಕೆಲಸ ಅವರಿಗೆ. ಆದರೆ ಐದಾರು ನಿಮಿಷದ ಉದ್ದನೆಯ ವಿಡಿಯೋ ಬೇರೆ ಇರಲೇಬೇಕು ಅಂತ ಪಟ್ಟು ಹಿಡಿದೆ. ಒಂದು ನಿಮಿಷದಲ್ಲಿ ಆರ್ಕೆಸ್ಟ್ರಾ ಬರೀ ಅಲಂಕಾರವಾಗಿಬಿಡುತ್ತದೆ. ಒಂದು ರಾಗದ ಜಾರು ಹೇಗೆ ಸರಿಯಾಯಿತು ಅಂತ ತೋರಿಸಲು ಸಮಯ ಬೇಕು, ಅಲ್ವಾ?

ಊರಿಗೆ ಬಂದ ಮೇಲೆ ಎಡಿಟಿಂಗ್. ಇಲ್ಲಿ ಒಂದು ತೊಡಕಿದೆ. ಸಿನಿಮಾದಲ್ಲಿ ಕೇಳುವ ಸಂಗೀತ ಒಂದೇ ಟೇಕ್ ಆಗಿರುವುದಿಲ್ಲ. ಮೊದಲ ಎಂಟು ಬಾರ್ ಒಂದು ಟೇಕ್‌ನಿಂದ, ಮುಂದಿನದು ಇನ್ನೊಂದರಿಂದ, ಹೀಗೆ ಜೋಡಿಸಿರುತ್ತಾರೆ. ನನ್ನ ಕೈಯ ಕ್ಯಾಮೆರಾದ ಒಳ್ಳೆಯ ಶಾಟ್ ಯಾವುದೋ ಬಿಟ್ಟ ಟೇಕ್‌ನದ್ದಾಗಿರುತ್ತದೆ. ಕ್ಲಿಕ್ ಹಾಕಿ ನುಡಿಸಿದ ತುಣುಕಾದರೆ ಎಲ್ಲ ಟೇಕ್‌ನ ವೇಗವೂ ಒಂದೇ. ಬಾರ್ ನಂಬರ್ ಹಿಡಿದು ಕೂರಿಸಿದರೆ ಕಮಾನು ಮೇಲೆ ಕೆಳಗೆ ಆಡುವುದೂ ಬಹುತೇಕ ಹೊಂದುತ್ತದೆ. ಕ್ಲಿಕ್ ಇಲ್ಲದೆ ಕಂಡಕ್ಟರ್ ಕೈ ನೋಡಿಕೊಂಡೇ ನುಡಿಸಿದ ತುಣುಕಾದರೆ ಒಂದೂ ಹೊಂದುವುದಿಲ್ಲ. ಅದಕ್ಕೇ ನಿಂತ ಮೂರು ಕ್ಯಾಮೆರಾಗಳು ಎಲ್ಲ ಟೇಕ್‌ಗೂ ಓಡುತ್ತಲೇ ಇರಬೇಕು. ಸ್ಟುಡಿಯೋದ ಟೈಮ್‌ಕೋಡ್ (ರೆಕಾರ್ಡಿಂಗಿನ ಪ್ರತಿ ಕ್ಷಣಕ್ಕೂ ಬೀಳುವ ಸಮಯದ ಗುರುತು) ಮತ್ತು ಕ್ಯಾಮೆರಾದ ಟೈಮ್‌ಕೋಡ್ ಬೆಳಗ್ಗೆಯೇ ಒಂದು ಮಾಡಿಕೊಂಡಿದ್ದೆ. ಊಟದ ನಂತರ ಮತ್ತೊಮ್ಮೆ ಸರಿ ನೋಡಿದ್ದೆ. ಕ್ಯಾಮೆರಾದ ಮೈಕಿನ ದನಿ ಬರೀ ಗುರುತಿಗೆ. ಕೇಳಿಸುವುದು ಎಂಜಿನಿಯರ್ ಕೊಟ್ಟ ಮಿಕ್ಸ್.

ಇಲ್ಲಿ ನಾನು ಒಂದು ವಿಷಯದಲ್ಲಿ ರಾಜಿ ಆಗುವುದಿಲ್ಲ. ಕಿವಿಗೆ ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಕೇಳಿಸುತ್ತಿದ್ದರೆ ಕಣ್ಣಿಗೆ ವಿಯೋಲಾನೇ ಕಾಣಬೇಕು. ಕಹಳೆಯವರ ಕೆನ್ನೆ ಉಬ್ಬಿದ ಚೆಂದದ ಶಾಟ್ ಇದೆ ಅಂತ, ಅವರು ಸುಮ್ಮನಿರುವ ಜಾಗದಲ್ಲಿ ಅದನ್ನು ಹಾಕಬಾರದು. ಸಾಮಾನ್ಯ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ ಅನ್ನುತ್ತಾರೆ. ನುಡಿಸಿದವರಿಗೆ ಗೊತ್ತಾಗುತ್ತದೆ. ಅದು ಅವರ ಕೆಲಸ, ಅವರ ದನಿ. ಅದರ ಮೇಲೆ ಇನ್ನೊಬ್ಬರ ಮುಖ ಅಂಟಿಸಲು ನನಗೆ ಹಕ್ಕಿಲ್ಲ.

ಹೆಸರಿನ ಪಟ್ಟಿ ಕೇಳಿದ್ದೂ ಇದೇ ಕಾರಣಕ್ಕೆ. 1970ರ ದಶಕದಲ್ಲಿ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ಮದರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಪಿಟೀಲುಗಳ ಆ ಅಲೆ ನಮ್ಮ ಕಿವಿಯಲ್ಲಿ ಇವತ್ತಿಗೂ ಇದೆ. ಇಳಯರಾಜಾ ಕೂಡ ವೆಂಕಟೇಶ್ ಅವರ ಸಹಾಯಕರಾಗಿ ಆ ಕೋಣೆಗಳಲ್ಲೇ ಕೆಲಸ ಕಲಿತವರು. ಹಾಡಿದವರ ಹೆಸರು ಗೊತ್ತು, ರಾಗ ಹಾಕಿದವರ ಹೆಸರು ಗೊತ್ತು. ಎರಡನೆಯ ಸಾಲಿನಲ್ಲಿ ಕೂತು ಪಿಟೀಲು ನುಡಿಸಿದವರು ಯಾರು? ಒಂದು ಮುಖವನ್ನಾದರೂ ನೀವು ನೋಡಿದ್ದೀರಾ? ಆ ಕೋಣೆಗಳಲ್ಲಿ ಕ್ಯಾಮೆರಾ ಇದ್ದಿದ್ದರೆ ಅಂತ ನಾನು ತುಂಬಾ ಸಲ ಅಂದುಕೊಂಡಿದ್ದೇನೆ.

ನಮ್ಮ ವಿಡಿಯೋದ ಕೊನೆಯಲ್ಲಿ ಎಲ್ಲರ ಹೆಸರೂ ಬರುತ್ತದೆ. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅವರು ಬರೆಯುವ ಕ್ರಮದಲ್ಲೇ ಹಾಕಿದ್ದೇವೆ. ಕನ್ನಡ ಲಿಪಿಯಲ್ಲಿ ಹೇಗೆ ಬರೆಯಬೇಕು ಅಂತ ಒಂದೊಂದು ಹೆಸರಿನ ಉಚ್ಚಾರಣೆಯನ್ನೂ ಸ್ಟುಡಿಯೋದ ಆ ಸಹಾಯಕರು ಧ್ವನಿ ಸಂದೇಶ ಮಾಡಿ ಕಳಿಸಿದರು. ಅಷ್ಟು ಹೆಸರು ಹಾಕಲು ಜಾಗ ಎಲ್ಲಿದೆ ಅಂತ ಪ್ರಚಾರದವರು ಕೇಳಿದರು. ಸಂಗೀತ ನಿರ್ದೇಶಕರೇ ನಿಂತು, ವಿಡಿಯೋ ಅರ್ಧ ನಿಮಿಷ ಉದ್ದವಾದರೂ ಆಗಲಿ ಅಂದರು.

ಚಳಿಗಾಲದಲ್ಲಿ ಇದೇ ಸಿನಿಮಾದ ಉಳಿದ ಭಾಗಕ್ಕೆ ಕಹಳೆ, ಹಾರ್ನ್, ಟ್ರೊಂಬೋನ್‌ಗಳನ್ನು ಮಾತ್ರ ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ. ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ವಾದಕರ ಬಲಗೈ ಅದರೊಳಗೆ ಇರುತ್ತದೆ. ದನಿಯ ಬಣ್ಣ ಬದಲಾಗುವುದರಲ್ಲಿ ಆ ಕೈಯ ಪಾಲು ದೊಡ್ಡದು, ಮುಂದಿನಿಂದ ಅದು ಕಾಣುವುದೇ ಇಲ್ಲ. ಹಾಗಾಗಿ ಒಂದು ಕ್ಯಾಮೆರಾವನ್ನು ಅವರ ಬೆನ್ನ ಹಿಂದೆ, ಗೋಡೆಗೆ ತಾಗಿಸಿ ಇಡಲು ಈಗಲೇ ಅನುಮತಿ ಕೇಳಿ ಬರೆದಿದ್ದೇನೆ. ಹಿಂದಿನ ಗೋಡೆಯ ಹತ್ತಿರ ಮೈಕು ಇರುತ್ತದೆ, ಎಷ್ಟು ದೂರ ಬಿಡಬೇಕು ಅಂತ ಅಳತೆ ನೋಡಿ ಹೇಳುತ್ತೇವೆ ಅಂತ ಎಂಜಿನಿಯರ್ ಉತ್ತರ ಕಳಿಸಿದ್ದಾರೆ.